ಸ್ಟೋರೇಜ್ ಸರ್ವರ್ ನಿಧಾನವಾದಾಗ ಡಿಸ್ಕಿನ ಲೆಕ್ಕ ಓದುವುದು ಹೇಗೆ?

"ಸರ್ವರ್ ತುಂಬಾ ನಿಧಾನ ಆಗಿದೆ" ಎಂಬ ದೂರು ಬಂದ ಕೂಡಲೇ ನಿರ್ವಾಹಕರು ಲಾಗಿನ್ ಆಗಿ ಗ್ರಾಫ್ ನೋಡುತ್ತಾರೆ. ಸಿಪಿಯು ಆರಾಮಾಗಿದೆ. ಮೆಮೊರಿಗೆ ತೊಂದರೆಯಿಲ್ಲ. ನೆಟ್‌ವರ್ಕ್ ಕಾಲುಭಾಗವೂ ತುಂಬಿಲ್ಲ. ಡಿಸ್ಕ್ ಗ್ರಾಫ್ ಸೆಕೆಂಡಿಗೆ 3 ಎಂಬಿ ತೋರಿಸುತ್ತಿದೆ. 200 ಎಂಬಿ ವೇಗದ ಡಿಸ್ಕಿಗೆ 3 ಎಂಬಿ ಯಾವ ಲೆಕ್ಕ? ಎಲ್ಲವೂ ಸರಿಯಿದೆ ಎಂದು ಉತ್ತರ ಹೋಗುತ್ತದೆ. ಆ ಕಡೆ ಫೈಲ್ ತೆರೆಯಲು ಕೂತವರ ಪರದೆ ಮಾತ್ರ ಇನ್ನೂ ಕದಲಿಲ್ಲ.

ಇಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ 3 ಎಂಬಿಯೇ ಆ ಹೊತ್ತಿಗೆ ಡಿಸ್ಕಿನ ಪೂರ್ತಿ ಶಕ್ತಿಯಾಗಿರಬಹುದು. ಡಿಸ್ಕಿನಿಂದ ಎಷ್ಟು ದತ್ತಾಂಶ ಸಾಗುತ್ತಿದೆ ಎಂದು ಗ್ರಾಫ್ ಹೇಳುತ್ತಿದೆ. ತಾನು ಎಷ್ಟು ಹೊತ್ತು ಕಾದೆ ಎಂದು ಬಳಕೆದಾರ ಹೇಳುತ್ತಿದ್ದಾನೆ. ಹಲವರು ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಸ್ಟೋರೇಜಿನಲ್ಲಿ ಇವೆರಡೂ ಬೇರೆಬೇರೆ ಪ್ರಶ್ನೆಗಳು. ನಿಗಾ ಇಡುವವರು ಮೊದಲು ಹಿಡಿಯಬೇಕಾದ್ದು ಎರಡನೆಯದನ್ನು ಎಂಬುದು ನನ್ನ ಖಚಿತ ಅಭಿಪ್ರಾಯ.

ತಿರುಗುವ ಡಿಸ್ಕಿನಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚು ಜಾಗ ಬೇಕಾದ ಸ್ಟೋರೇಜ್ ಸರ್ವರ್‌ಗಳಲ್ಲಿ ಇಂದಿಗೂ ಅದೇ ಇದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್ ಒಂದು ಸುತ್ತಿಗೆ 8.33 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಬೇಕಾದ ಜಾಗ, ದತ್ತಾಂಶ ಓದಿ ಬರೆಯುವ ಹೆಡ್‌ನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡಿಗಿಂತ ತುಸು ಹೆಚ್ಚು ಕಾಯಬೇಕು. ಅದಕ್ಕೂ ಮೊದಲು ಹೆಡ್ ಸರಿಯಾದ ಟ್ರ್ಯಾಕಿಗೆ ಸರಿಯಬೇಕು. ಅದಕ್ಕೆ ಸುಮಾರು 8 ಮಿಲಿಸೆಕೆಂಡ್. ಎರಡೂ ಸೇರಿದರೆ ಒಂದು ಕೋರಿಕೆಗೆ (ಒಂದು ಸಲ ಓದು ಅಥವಾ ಬರೆ ಎಂದು ಕೇಳುವುದಕ್ಕೆ) 12 ಮಿಲಿಸೆಕೆಂಡ್, ಸೆಕೆಂಡಿಗೆ ಸುಮಾರು 80 ಕೋರಿಕೆ. ಹಲವು ಕೋರಿಕೆಗಳು ಒಟ್ಟಿಗೆ ಸಿಕ್ಕರೆ ಡಿಸ್ಕ್ ಅವನ್ನು ತನಗೆ ಹತ್ತಿರವಾಗುವ ಕ್ರಮದಲ್ಲಿ ಜೋಡಿಸಿಕೊಂಡು ಇನ್ನಷ್ಟು ಮುಗಿಸೀತು, ಆದರೂ ಲೆಕ್ಕ ನೂರರ ಆಸುಪಾಸಿನಲ್ಲೇ ಇರುತ್ತದೆ. ಪ್ರತಿ ಕೋರಿಕೆಯೂ 4 ಕೆಬಿಯದಾದರೆ 100 ಕೋರಿಕೆಗಳಿಂದ ಹೊರಬರುವುದು ಸೆಕೆಂಡಿಗೆ 400 ಕೆಬಿ ಮಾತ್ರ. ಅದೇ ಡಿಸ್ಕ್ ಒಂದು ದೊಡ್ಡ ವಿಡಿಯೋ ಫೈಲನ್ನು ಸಾಲಾಗಿ ಓದುವಾಗ ಹೆಡ್ ಹೆಚ್ಚು ಕದಲಬೇಕಿಲ್ಲ, ಹಾಗಾಗಿ ಸೆಕೆಂಡಿಗೆ 200 ಎಂಬಿ ಕೊಡುತ್ತದೆ. ಐನೂರು ಪಟ್ಟು ಅಂತರ. ಯಂತ್ರ ಎರಡೂ ಸಲ ಮೈಮುರಿದು ದುಡಿದಿದೆ. ಅದಕ್ಕೇ ಎಂಬಿ ಲೆಕ್ಕ ಒಂದನ್ನೇ ನೋಡಿ ಡಿಸ್ಕ್ ಬಿಡುವಾಗಿದೆ ಎಂದು ತೀರ್ಮಾನಿಸಬಾರದು.

ಹಾಗಾಗಿ ಪ್ರತಿ ಡಿಸ್ಕಿಗೂ ನಾಲ್ಕು ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಬೇಕಾಗುತ್ತದೆ: ಸೆಕೆಂಡಿಗೆ ಎಷ್ಟು ಕೋರಿಕೆ (ಐಒಪಿಎಸ್ ಎನ್ನುವುದು ಇದನ್ನೇ), ಸೆಕೆಂಡಿಗೆ ಎಷ್ಟು ಎಂಬಿ, ಒಂದು ಕೋರಿಕೆ ಮುಗಿಯಲು ಹಿಡಿದ ಸಮಯ, ಸಾಲಿನಲ್ಲಿ ನಿಂತಿರುವ ಕೋರಿಕೆಗಳ ಸಂಖ್ಯೆ. ಲಿನಕ್ಸ್‌ನಲ್ಲಿ ಸಿಸ್‌ಸ್ಟ್ಯಾಟ್ ಪ್ಯಾಕೇಜಿನ ಐಒಸ್ಟ್ಯಾಟ್ ಆದೇಶ, ವಿಸ್ತೃತ ವರದಿಯ -x ಆಯ್ಕೆ ಕೊಟ್ಟಾಗ, ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ಕೊಡುತ್ತದೆ. ಅದರಲ್ಲಿ ಓದಿಗೆ ಒಂದು, ಬರಹಕ್ಕೆ ಒಂದು ಎಂದು 'ಅವೇಟ್' ಹೆಸರಿನ ಎರಡು ಅಂಕಣಗಳಿವೆ. ಸಾಲಿನಲ್ಲಿ ಕಾದ ಸಮಯ, ಡಿಸ್ಕ್ ಕೆಲಸ ಮಾಡಿದ ಸಮಯ ಎರಡೂ ಸೇರಿದ ಮಿಲಿಸೆಕೆಂಡ್ ಲೆಕ್ಕ ಅಲ್ಲಿರುತ್ತದೆ. ನನ್ನ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಒಂದು ಎಚ್ಚರಿಕೆ: ಐಒಸ್ಟ್ಯಾಟ್ ಕೊಡುವ ಮೊದಲ ವರದಿ ಸರ್ವರ್ ಶುರುವಾದಾಗಿನಿಂದ ಈವರೆಗಿನ ಸರಾಸರಿ. ಈಗಿನ ಪರಿಸ್ಥಿತಿ ಬೇಕಿದ್ದರೆ ಒಂದೋ ಎರಡೋ ಸೆಕೆಂಡಿನ ಅಂತರ ಕೊಟ್ಟು ಓಡಿಸಿ, ಎರಡನೆಯ ವರದಿಯಿಂದ ಓದಬೇಕು.

ಈ ಅಳತೆಗಳ ನಡುವೆ ಒಂದು ಸರಳ ಸಂಬಂಧವಿದೆ. 1961ರಲ್ಲಿ ಜಾನ್ ಲಿಟಲ್ ಸಾಧಿಸಿ ತೋರಿಸಿದ ನಿಯಮ ಅದು: ಸಾಲಿನ ಸರಾಸರಿ ಉದ್ದ ಎಂದರೆ ಕೋರಿಕೆಗಳು ಬರುವ ವೇಗ ಮತ್ತು ಪ್ರತಿಯೊಂದೂ ಒಳಗೆ ಕಳೆಯುವ ಸಮಯದ ಗುಣಲಬ್ಧ. ಸೆಕೆಂಡಿಗೆ 100 ಕೋರಿಕೆ ಮುಗಿಸುವ ಡಿಸ್ಕಿನ ಮುಂದೆ ಸದಾ 16 ಕೋರಿಕೆಗಳಿದ್ದರೆ ಪ್ರತಿಯೊಂದಕ್ಕೂ 160 ಮಿಲಿಸೆಕೆಂಡ್ ಹಿಡಿಯುತ್ತಿದೆ ಎಂದರ್ಥ. ಸಾಲು 32ಕ್ಕೆ ಏರಿದರೆ ಕಾಯುವಿಕೆ 320ಕ್ಕೆ ಏರುತ್ತದೆ. ಮುಗಿಯುವ ಕೆಲಸ ಮಾತ್ರ ಅಷ್ಟೇ. ಡಿಸ್ಕ್ ತನ್ನ ಮಿತಿ ಮುಟ್ಟಿದ ಗುರುತು ಇದು: ಕೋರಿಕೆಗಳ ಸಂಖ್ಯೆ ಒಂದೆಡೆ ನಿಂತುಬಿಡುತ್ತದೆ, ಕಾಯುವ ಸಮಯ ಏರುತ್ತಲೇ ಹೋಗುತ್ತದೆ.

ಇನ್ನು ಎಲ್ಲರ ಕಣ್ಣಿಗೂ ಮೊದಲು ಬೀಳುವ, ಎಲ್ಲರನ್ನೂ ದಾರಿತಪ್ಪಿಸುವ ಅಂಕಣ ಒಂದಿದೆ: ಶೇಕಡಾವಾರು 'ಯುಟಿಲ್'. ಡಿಸ್ಕಿನಲ್ಲಿ ಕನಿಷ್ಠ ಒಂದಾದರೂ ಕೋರಿಕೆ ಬಾಕಿ ಇದ್ದ ಸಮಯದ ಪಾಲನ್ನಷ್ಟೇ ಅದು ಹೇಳುತ್ತದೆ. ಹತ್ತು ಕಿಟಕಿಗಳಿರುವ ಟಿಕೆಟ್ ಕೌಂಟರಿನಲ್ಲಿ ಸದಾ ಒಬ್ಬರಾದರೂ ನಿಂತಿದ್ದರೆ 'ಕೌಂಟರ್ ಶೇ. 100 ತುಂಬಿದೆ' ಎಂದು ಬರೆದಂತೆ ಅದು; ಉಳಿದ ಒಂಬತ್ತು ಕಿಟಕಿ ಖಾಲಿ ಇದ್ದರೂ ಆ ಸಂಖ್ಯೆಗೆ ತಿಳಿಯದು. ಒಂಟಿ ತಿರುಗುವ ಡಿಸ್ಕಿಗೆ ಇದು ಹೆಚ್ಚುಕಡಿಮೆ ಸರಿಹೋಗುತ್ತದೆ. ಹಲವು ಡಿಸ್ಕುಗಳು ಸೇರಿ ಒಂದಾಗಿ ಕಾಣುವ ರೇಡ್‌ಗೆ, ಒಳಗೇ ಹತ್ತಾರು ಚಿಪ್‌ಗಳು ಒಟ್ಟಿಗೆ ಕೆಲಸ ಮಾಡುವ ಎಸ್‌ಎಸ್‌ಡಿಗೆ ಇದು ಹೊಂದುವುದಿಲ್ಲ. ಹಳೆಯ ಸಾಟಾ ಜೋಡಣೆಯ ಡಿಸ್ಕಿಗೆ ಒಂದೇ ಸಾಲು, ಅದರಲ್ಲಿ 32 ಕೋರಿಕೆಗಳಿಗೆ ಜಾಗ. ವೇಗದ ಎಸ್‌ಎಸ್‌ಡಿಗಳ ಎನ್‌ವಿಎಂಇ ಮಾನದಂಡವಾದರೋ 65,535 ಸಾಲುಗಳಿಗೆ, ಒಂದೊಂದರಲ್ಲೂ ಸುಮಾರು 65 ಸಾವಿರ ಆದೇಶಗಳವರೆಗೆ ಅವಕಾಶ ಕೊಡುತ್ತದೆ. ಅಂಥ ಸಾಧನದಲ್ಲಿ ಯುಟಿಲ್ ಶೇ. 100 ಎಂದು ಕಂಡರೂ ಅವೇಟ್ ಒಂದು ಮಿಲಿಸೆಕೆಂಡಿನೊಳಗೇ ಇದ್ದರೆ ಚಿಂತೆ ಬೇಡ. ಐಒಸ್ಟ್ಯಾಟ್‌ನ ಕೈಪಿಡಿಯೂ ಸಮಾನಾಂತರವಾಗಿ ಕೆಲಸ ಮಾಡುವ ಸಾಧನಗಳಲ್ಲಿ ಈ ಸಂಖ್ಯೆ ಮಿತಿಯನ್ನು ಸೂಚಿಸುವುದಿಲ್ಲ ಎಂದು ಎಚ್ಚರಿಸುತ್ತದೆ.

ಕೋರಿಕೆ ಸಾಗುವ ದಾರಿ

ಮೇಲಿನದೆಲ್ಲ ಯಾವ ಕಂಪ್ಯೂಟರಿಗೂ ಅನ್ವಯಿಸುವ ಮಾತು. ನೆಟ್‌ವರ್ಕ್ ಸ್ಟೋರೇಜಿನ ಕಷ್ಟ ಇಲ್ಲಿಂದ ಮುಂದೆ ಇದೆ. ಬಳಕೆದಾರ ಒಂದು ಫೈಲ್ ಉಳಿಸಿದಾಗ ಆ ಕೋರಿಕೆ ಅವನ ಯಂತ್ರದ ಕ್ಯಾಶ್‌ನಲ್ಲಿ (ತಾತ್ಕಾಲಿಕ ಸಂಗ್ರಹದಲ್ಲಿ) ನಿಂತು, ಫೈಲ್ ಹಂಚಿಕೆಯ ನಿಯಮಾವಳಿಗಳಾದ ಎಸ್‌ಎಂಬಿ ಅಥವಾ ಎನ್‌ಎಫ್‌ಎಸ್ ರೂಪ ತಾಳಿ, ನೆಟ್‌ವರ್ಕ್ ದಾಟಿ, ಸರ್ವರಿನ ಮೆಮೊರಿಗೆ ಬಂದು, ಫೈಲ್ ಸಿಸ್ಟಂ, ರೇಡ್, ಕರ್ನಲ್ಲಿನ (ಆಪರೇಟಿಂಗ್ ಸಿಸ್ಟಂನ ತಿರುಳಿನ) ಸಾಲು, ಕೊನೆಗೆ ಡಿಸ್ಕಿನದೇ ಸ್ವಂತ ಕ್ಯಾಶ್ ಎಂದು ಒಂದೊಂದೇ ಹಂತ ಇಳಿಯುತ್ತದೆ. ಪ್ರತಿ ಹಂತದಲ್ಲೂ ಅದರ ಆಕಾರ ಬದಲಾಗುತ್ತದೆ. ಸಣ್ಣವು ಸೇರಿ ದೊಡ್ಡದಾಗುತ್ತವೆ, ದೊಡ್ಡದು ಒಡೆದು ಸಣ್ಣದಾಗುತ್ತದೆ, ಕೆಲವು ಕೆಳಗೆ ಇಳಿಯುವುದೇ ಇಲ್ಲ.

ಓದುವ ಕೋರಿಕೆಗಳಲ್ಲಿ ಇದು ಎದ್ದು ಕಾಣುತ್ತದೆ. ಒಬ್ಬರು ಈಗಾಗಲೇ ಓದಿದ ಫೈಲನ್ನು ಇನ್ನೊಬ್ಬರು ಕೇಳಿದರೆ ಸರ್ವರ್ ಅದನ್ನು ಮೆಮೊರಿಯಿಂದಲೇ ಕೊಡುತ್ತದೆ. ನೆಟ್‌ವರ್ಕ್ ಗ್ರಾಫ್ ಸೆಕೆಂಡಿಗೆ 110 ಎಂಬಿ (ಗಿಗಾಬಿಟ್ ಜೋಡಣೆಯೊಂದು ವಾಸ್ತವದಲ್ಲಿ ಕೊಡುವುದು ಹೆಚ್ಚುಕಡಿಮೆ ಇಷ್ಟೇ) ತೋರಿಸುತ್ತಿರುವಾಗ ಡಿಸ್ಕ್ ಸೊನ್ನೆ ತೋರಿಸಬಹುದು. ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಬಳಸುವ ಸರ್ವರಿನಲ್ಲಿ ಈ ಕ್ಯಾಶಿಗೆ ಆರ್ಕ್ ಎಂದು ಹೆಸರು, ಅದರ ಯಶಸ್ಸಿನ ಪ್ರಮಾಣವನ್ನು ಆರ್ಕ್‌ಸ್ಟ್ಯಾಟ್ ತೋರಿಸುತ್ತದೆ. ಡಿಸ್ಕಿನ ಮೇಲೆ ಓದಿನ ಒತ್ತಡ ಇದ್ದಕ್ಕಿದ್ದಂತೆ ಏರಿದರೆ ಬಳಕೆದಾರರು ಹೆಚ್ಚಾದರು ಎಂದೇ ಅಲ್ಲ. ರಾತ್ರಿಯ ಬ್ಯಾಕಪ್ ಇಡೀ ಡಿಸ್ಕನ್ನು ಓದಿ ಕ್ಯಾಶ್‌ನಲ್ಲಿದ್ದ ಉಪಯುಕ್ತ ದತ್ತಾಂಶವನ್ನು ಹೊರದೂಡಿದ ಪರಿಣಾಮವೂ ಅದಾಗಿರಬಹುದು.

ಬರಹದ ಕಥೆ ಬೇರೆ. ಸಾಮಾನ್ಯ ಬರಹಗಳನ್ನು ಸರ್ವರ್ ಮೆಮೊರಿಯಲ್ಲಿ ಕೂಡಿಟ್ಟು ಗಂಟುಗಂಟಾಗಿ ಕೆಳಗೆ ಇಳಿಸುತ್ತದೆ. ಝಡ್‌ಎಫ್‌ಎಸ್‌ನಲ್ಲಿ ಈ ಗಂಟು ಹೆಚ್ಚೆಂದರೆ 5 ಸೆಕೆಂಡಿಗೊಮ್ಮೆ ಇಳಿಯುವಂತೆ ಮೂಲ ಹೊಂದಿಕೆ ಇದೆ. ಇಎಕ್ಸ್‌ಟಿ4 ಫೈಲ್ ಸಿಸ್ಟಂ ಕೂಡ ತನ್ನ ಜರ್ನಲನ್ನು (ಬದಲಾವಣೆಗಳ ದಾಖಲೆಯನ್ನು) 5 ಸೆಕೆಂಡಿಗೊಮ್ಮೆ ಬರೆಯುತ್ತದೆ. ಹಾಗಾಗಿ ನೆಟ್‌ವರ್ಕಿನಿಂದ ಸಮನಾಗಿ ಹರಿದುಬರುವ ದತ್ತಾಂಶ ಡಿಸ್ಕ್ ಗ್ರಾಫಿನಲ್ಲಿ ಗರಗಸದ ಹಲ್ಲಿನಂತೆ ಕಂಡರೆ ಹೆದರಬೇಕಾಗಿಲ್ಲ. ಯಾರೂ ಬಳಸದ ಹೊತ್ತಲ್ಲೂ ಐದೈದು ಸೆಕೆಂಡಿಗೆ ಡಿಸ್ಕ್ ಟಿಕ್ ಎನ್ನುವುದಕ್ಕೂ ಹಲವು ಸಲ ಇದೇ ಕಾರಣ. ಎಲ್ಲೋ ಒಂದು ಲಾಗ್ ಫೈಲಿಗೆ ಒಂದು ಸಾಲು ಸೇರುತ್ತಿರುತ್ತದೆ.

ಎಲ್ಲ ಬರಹವೂ ಹೀಗೆ ಕಾಯಲಾಗದು. ಡೇಟಾಬೇಸ್, ವರ್ಚುವಲ್ ಯಂತ್ರಗಳು "ಇದು ಡಿಸ್ಕಿನಲ್ಲಿ ಭದ್ರವಾಗಿ ಕೂತಿತು ಎಂದು ಹೇಳುವವರೆಗೆ ಮುಂದೆ ಹೋಗುವುದಿಲ್ಲ" ಎಂದು ಪಟ್ಟು ಹಿಡಿಯುತ್ತವೆ. ಎನ್‌ಎಫ್‌ಎಸ್‌ನಲ್ಲಿ ಹೊಸ ಫೈಲ್ ಸೃಷ್ಟಿಯೂ ಇದೇ ಜಾತಿಯದು. ಸರ್ವರ್ ನಿಯಮಪಾಲಿಸುವಂತೆ ಹೊಂದಿಸಲಾಗಿದ್ದರೆ, ಸೃಷ್ಟಿಯ ದಾಖಲೆ ಡಿಸ್ಕ್ ತಲುಪಿದ ಮೇಲೆಯೇ ಉತ್ತರ ಕೊಡುತ್ತದೆ. ಈಗ ಒಬ್ಬರು 10,000 ಸಣ್ಣ ಫೈಲುಗಳನ್ನು ಒಂದರ ಹಿಂದೆ ಒಂದರಂತೆ ನಕಲಿಸುತ್ತಿದ್ದಾರೆ ಎನ್ನಿ. ಒಂದೊಂದಕ್ಕೆ 20 ಮಿಲಿಸೆಕೆಂಡ್ ಆದರೂ ಒಟ್ಟು 200 ಸೆಕೆಂಡ್, ಅಂದರೆ ಮೂರು ನಿಮಿಷದ ಮೇಲೆ. ಫೈಲುಗಳ ಒಟ್ಟು ಗಾತ್ರ 40 ಎಂಬಿ ಇದ್ದೀತು, ಅಷ್ಟೇ. ಆ ಮೂರು ನಿಮಿಷವೂ ಎಂಬಿ ತೋರಿಸುವ ಗ್ರಾಫ್‌ಗಳು ತಳಮಟ್ಟದಲ್ಲೇ ಇರುತ್ತವೆ, ಸಾಲಿನಲ್ಲಿ ಒಂದು ಕೋರಿಕೆಗಿಂತ ಹೆಚ್ಚು ಇರುವುದಿಲ್ಲ. ಬೇಸರಪಡಲು ಬಳಕೆದಾರನಿಗೆ ಪೂರ್ತಿ ಕಾರಣವಿದೆ. ಇಂಥಲ್ಲಿ ಇನ್ನಷ್ಟು ಡಿಸ್ಕ್ ಸೇರಿಸಿದರೂ ಉಪಯೋಗವಾಗದು. ಒಂದು ಬರಹ ಭದ್ರವಾಗುವ ಸಮಯವನ್ನೇ ಇಳಿಸಬೇಕು. ಝಡ್‌ಎಫ್‌ಎಸ್‌ನಲ್ಲಿ ಇಂಥ ಬರಹಗಳಿಗೆಂದೇ ಪ್ರತ್ಯೇಕ ವೇಗದ ಲಾಗ್ ಸಾಧನ ಜೋಡಿಸುವುದು ಈ ಕಾರಣಕ್ಕೆ.

ರೇಡ್ ಇನ್ನೊಂದು ತಿರುವು ಕೊಡುತ್ತದೆ. ರೇಡ್ 5ರಲ್ಲಿ ಒಂದು ಸಣ್ಣ ಬರಹವಾದರೆ ಹಳೆಯ ದತ್ತಾಂಶ ಓದು, ಹಳೆಯ ಪ್ಯಾರಿಟಿ (ಡಿಸ್ಕ್ ಕೆಟ್ಟರೆ ದತ್ತಾಂಶ ಮರಳಿ ಕಟ್ಟಲು ಇಡುವ ಲೆಕ್ಕ) ಓದು, ಹೊಸ ದತ್ತಾಂಶ ಬರೆ, ಹೊಸ ಪ್ಯಾರಿಟಿ ಬರೆ ಎಂದು ನಾಲ್ಕು ಕೆಲಸಗಳಾಗುತ್ತವೆ. ರೇಡ್ 6ರಲ್ಲಿ ಆರು. ಬಳಕೆದಾರರು ಬರೆಯುವುದನ್ನು ಬಿಟ್ಟು ಬೇರೇನೂ ಮಾಡದಿದ್ದರೂ ಡಿಸ್ಕಿನಲ್ಲಿ ಓದು ಕಾಣುವುದು ಇದರಿಂದಲೇ. ಹಾಗಾಗಿ ರೇಡ್ ಸಾಧನದ ಅಂಕಿಗಳನ್ನೂ ಅದರೊಳಗಿನ ಒಂದೊಂದು ಡಿಸ್ಕಿನ ಅಂಕಿಗಳನ್ನೂ ಅಕ್ಕಪಕ್ಕ ಇಟ್ಟು ನೋಡುವ ಅಭ್ಯಾಸ ಬೇಕು.

ಸಾಯದೆ ಸತಾಯಿಸುವ ಡಿಸ್ಕ್

ಆ ಅಭ್ಯಾಸದ ನಿಜವಾದ ಫಲ ಬೇರೆಯೇ ಇದೆ. ಡಿಸ್ಕ್ ಪೂರ್ತಿ ಕೆಟ್ಟರೆ ರೇಡ್ ಅದನ್ನು ಹೊರಗಿಟ್ಟು ಮುಂದೆ ಸಾಗುತ್ತದೆ. ಅರ್ಧ ಕೆಟ್ಟ ಡಿಸ್ಕ್ ಹೆಚ್ಚು ಅಪಾಯಕಾರಿ. ಒಂದು ಜಾಗ ಸರಿಯಾಗಿ ಓದಲಾಗದಿದ್ದಾಗ ಅದು ಮತ್ತೆಮತ್ತೆ ಪ್ರಯತ್ನಿಸುತ್ತದೆ, ಕೊನೆಗೆ ಸರಿಯಾದ ಉತ್ತರವನ್ನೇ ಕೊಡುತ್ತದೆ, ಎಲ್ಲಿಯೂ ದೋಷ ದಾಖಲಾಗುವುದಿಲ್ಲ. ಪಟ್ಟಿಯಾಗಿ ಹರಡಿದ ದತ್ತಾಂಶಕ್ಕೆ ಎಲ್ಲ ಡಿಸ್ಕುಗಳ ಉತ್ತರವೂ ಬೇಕಾದ್ದರಿಂದ ಇಡೀ ರೇಡ್ ಆ ಒಂದು ಡಿಸ್ಕಿನ ವೇಗಕ್ಕೆ ಇಳಿಯುತ್ತದೆ. ಸ್ಟೋರೇಜಿಗಾಗಿಯೇ ಮಾಡಿದ ಡಿಸ್ಕುಗಳಲ್ಲಿ ಈ ಪ್ರಯತ್ನಕ್ಕೆ ಸಾಮಾನ್ಯವಾಗಿ 7 ಸೆಕೆಂಡಿನ ಮಿತಿ ಇರುತ್ತದೆ. ಡೆಸ್ಕ್‌ಟಾಪ್ ಡಿಸ್ಕುಗಳಲ್ಲಿ ಅಂಥ ಮಿತಿ ಇಲ್ಲದೆ, ಲಿನಕ್ಸ್ ಕರ್ನಲ್ ಒಂದು ಆದೇಶಕ್ಕಾಗಿ ಕಾಯುವ 30 ಸೆಕೆಂಡನ್ನೂ ಮೀರುವುದುಂಟು.

ಪತ್ತೆ ಹಚ್ಚುವ ಬಗೆ ಸರಳ. ಒಂದೇ ರೇಡ್‌ನಲ್ಲಿರುವ ಒಂದೇ ಮಾದರಿಯ ಡಿಸ್ಕುಗಳ ಅವೇಟ್ ಹೆಚ್ಚುಕಡಿಮೆ ಒಂದೇ ಇರಬೇಕು. ಐದು ಡಿಸ್ಕುಗಳು 12 ಮಿಲಿಸೆಕೆಂಡ್ ತೋರಿಸುವಾಗ ಆರನೆಯದು 90 ತೋರಿಸಿದರೆ, ತನ್ನ ಆರೋಗ್ಯದ ಬಗ್ಗೆ ಅದು ತಾನೇ ಕೊಡುವ ಸ್ಮಾರ್ಟ್ ವರದಿ ಎಷ್ಟೇ ಚೆನ್ನಾಗಿರಲಿ, ಅನುಮಾನಪಡಿ. ಝಡ್‌ಎಫ್‌ಎಸ್‌ನಲ್ಲಿ ಝಡ್‌ಪೂಲ್ ಐಒಸ್ಟ್ಯಾಟ್ ಆದೇಶ ಪ್ರತಿ ಡಿಸ್ಕಿನ ಕಾಯುವ ಸಮಯವನ್ನೂ ಬಿಡಿಸಿ ಕೊಡುತ್ತದೆ. ಅತಿಕ್ರಮಿಸಿದ ಟ್ರ್ಯಾಕುಗಳಲ್ಲಿ ಬರೆಯುವ ಎಸ್‌ಎಂಆರ್ ಬಗೆಯ ಡಿಸ್ಕೊಂದು ಅರಿವಿಲ್ಲದೆ ಗುಂಪಿಗೆ ಸೇರಿಕೊಂಡಿದ್ದರೂ ಹೀಗೆಯೇ ಸಿಕ್ಕಿಬೀಳುತ್ತದೆ: ಮೊದಮೊದಲು ಚೆನ್ನಾಗಿ ಬರೆದು, ತನ್ನ ಕ್ಯಾಶ್ ವಲಯ ತುಂಬಿದೊಡನೆ ಕುಸಿಯುತ್ತದೆ.

ಸ್ಮಾರ್ಟ್ ಬಗ್ಗೆ ಗೂಗಲ್‌ನ ಮೂವರು ಸಂಶೋಧಕರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಓದಬೇಕಾದದ್ದು. ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿದ ಅವರಿಗೆ ಎರಡು ಸಂಗತಿ ಕಂಡವು. ಮೊದಲ ಸ್ಕ್ಯಾನ್ ದೋಷ (ಡಿಸ್ಕ್ ತನ್ನ ಮೇಲ್ಮೈಯನ್ನು ತಾನೇ ಪರೀಕ್ಷಿಸುವಾಗ ಸಿಗುವ ದೋಷ) ಕಾಣಿಸಿದ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ಅಂಥ ದೋಷವಿಲ್ಲದ ಡಿಸ್ಕಿಗಿಂತ 39 ಪಟ್ಟು ಹೆಚ್ಚು. ಇದಕ್ಕೆ ಎದುರಾಗಿ, ಕೆಟ್ಟ ಡಿಸ್ಕುಗಳಲ್ಲಿ ಶೇ. 56ಕ್ಕೂ ಹೆಚ್ಚಿನವು ಪ್ರಮುಖ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ ಒಂದನ್ನೂ ಕೊಟ್ಟಿರಲಿಲ್ಲ. ಸೂಚನೆ ಬಂದರೆ ತಕ್ಷಣ ನಂಬಿ, ಬರಲಿಲ್ಲವೆಂದು ನಿಶ್ಚಿಂತರಾಗಬೇಡಿ. ಆ ಖಾಲಿ ಜಾಗವನ್ನು ಸ್ವಲ್ಪಮಟ್ಟಿಗಾದರೂ ತುಂಬುವುದು ಕಾಯುವ ಸಮಯದ ಅಳತೆಯೇ.

ಈ ಅಳತೆ ಎಷ್ಟು ಸೂಕ್ಷ್ಮ ಎನ್ನುವುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದ ಬ್ರೆಂಡನ್ ಗ್ರೆಗ್ 2008ರ ಕೊನೆಯಲ್ಲಿ ಓಡುತ್ತಿದ್ದ ಸ್ಟೋರೇಜ್ ಸರ್ವರಿನ ಡಿಸ್ಕುಗಳ ಮುಂದೆ ನಿಂತು ಜೋರಾಗಿ ಕಿರುಚಿದರು. ಧ್ವನಿಯ ಕಂಪನಕ್ಕೆ ಡಿಸ್ಕುಗಳ ಕೆಲಸ ತಡವರಿಸಿತು. ಸರ್ವರಿನ ವಿಶ್ಲೇಷಣಾ ಪರದೆಯ ಮೇಲೆ ಆ ಕ್ಷಣದಲ್ಲೇ ಕಾಯುವ ಸಮಯ ನೆಗೆದದ್ದು ಚುಕ್ಕೆಗಳಾಗಿ ಮೂಡಿತು. ಅದು ಸಾಧ್ಯವಾದದ್ದು ಆ ಪರದೆ ಸರಾಸರಿಯನ್ನು ತೋರಿಸದೆ, ಯಾವ ಕೋರಿಕೆಗೆ ಎಷ್ಟು ಹೊತ್ತು ಹಿಡಿಯಿತು ಎಂಬ ಹರಡಿಕೆಯನ್ನೇ ಹೀಟ್‌ಮ್ಯಾಪ್ (ಬಣ್ಣಗಳ ನಕ್ಷೆ) ಆಗಿ ತೋರಿಸುತ್ತಿದ್ದರಿಂದ. ಸರಾಸರಿ ಇಂಥದ್ದನ್ನು ನುಂಗಿಬಿಡುತ್ತದೆ. 99 ಕೋರಿಕೆಗಳು 5 ಮಿಲಿಸೆಕೆಂಡಿನಲ್ಲಿ ಮುಗಿದು ಒಂದು ಮಾತ್ರ 2 ಸೆಕೆಂಡ್ ತೆಗೆದುಕೊಂಡರೆ ಸರಾಸರಿ 25 ಮಿಲಿಸೆಕೆಂಡ್. ಅಷ್ಟಕ್ಕೆ ಯಾರೂ ಗಾಬರಿಪಡುವುದಿಲ್ಲ, ಆದರೆ ಆ 2 ಸೆಕೆಂಡ್ ಸಿಕ್ಕಿದವನ ಪರದೆ ನಿಂತೇ ಹೋಗಿತ್ತು. ಇಂದಿನ ಲಿನಕ್ಸ್‌ನಲ್ಲಿ ಕರ್ನಲ್ಲಿನೊಳಗೇ ಅಳೆಯಲು ಬಿಡುವ ಇಬಿಪಿಎಫ್ ತಂತ್ರ ಆಧರಿಸಿದ ಬಯೋಲೇಟೆನ್ಸಿ ಎಂಬ ಉಪಕರಣ ಈ ಹರಡಿಕೆಯನ್ನು ಹೆಚ್ಚು ಹೊರೆಯಿಲ್ಲದೆ ತೆಗೆದುಕೊಡುತ್ತದೆ.

ಯಾರ ಕೆಲಸ ಇದು?

ಡಿಸ್ಕ್ ಬಳಲಿದೆ ಎಂದು ಗೊತ್ತಾದ ಮೇಲೆ ಬಳಲಿಸುತ್ತಿರುವವರು ಯಾರು ಎಂದು ಹುಡುಕಬೇಕು. ಸ್ವಂತ ಕಂಪ್ಯೂಟರಿನಲ್ಲಾದರೆ ಐಒಟಾಪ್ ನೋಡಿದರೆ ಪ್ರೋಗ್ರಾಂನ ಹೆಸರು ಸಿಗುತ್ತದೆ. ಸ್ಟೋರೇಜ್ ಸರ್ವರಿನಲ್ಲಿ ಎನ್‌ಎಫ್‌ಎಸ್‌ನ ಎಲ್ಲ ಕೆಲಸವೂ ಎನ್‌ಎಫ್‌ಎಸ್‌ಡಿ ಎಂಬ ಕರ್ನಲ್ ಥ್ರೆಡ್‌ಗಳ (ಕೆಲಸದ ಎಳೆಗಳ) ಹೆಸರಿನಲ್ಲಿ ನಡೆಯುತ್ತದೆ. ನೂರು ಬಳಕೆದಾರರಿಗೂ ಒಂದೇ ಮುಖ. ಲಿನಕ್ಸ್ 5.3ರಿಂದ ಈಚೆಗೆ ಕರ್ನಲ್ ತನ್ನ ವಿವರಗಳನ್ನು ಫೈಲುಗಳಂತೆ ತೋರಿಸುವ ಪ್ರಾಕ್ ವ್ಯವಸ್ಥೆಯೊಳಗೆ ಎನ್‌ಎಫ್‌ಎಸ್ ಆವೃತ್ತಿ 4ರ ಪ್ರತಿ ಗ್ರಾಹಕ ಯಂತ್ರಕ್ಕೂ ಒಂದು ಫೋಲ್ಡರ್ ಇದ್ದು, ಅದು ತೆರೆದಿಟ್ಟ ಫೈಲುಗಳ ವಿವರ ಅಲ್ಲಿ ದೊರೆಯುತ್ತದೆ. ಎಸ್‌ಎಂಬಿ ಸೇವೆ ಕೊಡುವ ಸಾಂಬಾ ಈ ವಿಷಯದಲ್ಲಿ ಉದಾರಿ. ಪ್ರತಿ ಸಂಪರ್ಕಕ್ಕೂ ಪ್ರತ್ಯೇಕ ಪ್ರಕ್ರಿಯೆ ಇರುವುದರಿಂದ ಐಒಟಾಪ್‌ನಲ್ಲಿ ಕಂಡ ಪ್ರಕ್ರಿಯೆಯ ಸಂಖ್ಯೆಯನ್ನು ಎಸ್‌ಎಂಬಿಸ್ಟೇಟಸ್ ಪಟ್ಟಿಯಲ್ಲಿ ಹುಡುಕಿದರೆ ಬಳಕೆದಾರ, ಯಂತ್ರ, ಫೈಲ್ ಮೂರೂ ಸಿಗುತ್ತವೆ. ಆದರೆ ಕೂಡಿಟ್ಟ ಬರಹಗಳನ್ನು ನಂತರ ಡಿಸ್ಕಿಗೆ ಇಳಿಸುವುದು ಕರ್ನಲ್ಲಿನದೇ ಥ್ರೆಡ್ ಆದ್ದರಿಂದ ಬರಹದ ಮೂಲ ಹೀಗೆ ನೇರವಾಗಿ ಕಾಣದೆ ಹೋಗಬಹುದು. ಆಗ ಪ್ರತಿ ಗ್ರಾಹಕ ಯಂತ್ರದ ನೆಟ್‌ವರ್ಕ್ ಹರಿವನ್ನು ಡಿಸ್ಕ್ ಗ್ರಾಫಿನ ಪಕ್ಕದಲ್ಲಿಟ್ಟು ಏರಿಳಿತ ಹೊಂದಿಸಿ ನೋಡುವುದೇ ಹೆಚ್ಚು ಫಲ ಕೊಡುವ ದಾರಿ.

ಎಷ್ಟೋ ಸಲ ತಪ್ಪಿತಸ್ಥ ಬಳಕೆದಾರನಾಗಿರುವುದಿಲ್ಲ, ಸರ್ವರೇ ಆಗಿರುತ್ತದೆ. ಚಿತ್ರಗಳಿಗೆ ಥಂಬ್‌ನೇಲ್ ತಯಾರಿ, ಹುಡುಕಾಟಕ್ಕೆ ಸೂಚಿ ಕಟ್ಟುವುದು, ವೈರಸ್ ತಪಾಸಣೆ, ಹಳೆಯ ಸ್ನ್ಯಾಪ್‌ಶಾಟ್ (ಒಂದು ಕ್ಷಣದ ಸ್ಥಿತಿಯ ಪ್ರತಿ) ಅಳಿಸುವುದು, ರೇಡ್ ಪರಿಶೀಲನೆ. ಡೆಬಿಯನ್ ಎಂಬ ಲಿನಕ್ಸ್ ಬಗೆಯಲ್ಲಿ ಸಾಫ್ಟ್‌ವೇರ್ ರೇಡ್‌ನ ಪರಿಶೀಲನೆ ತಿಂಗಳ ಮೊದಲ ಭಾನುವಾರ ತಾನಾಗಿಯೇ ಶುರುವಾಗುತ್ತದೆ. ಪ್ರಾಕ್‌ನ ಎಂಡಿಸ್ಟ್ಯಾಟ್ ಫೈಲ್ ತೆರೆದರೆ ಅದು ಎಷ್ಟು ಮುಗಿದಿದೆ ಎಂದು ಕಾಣುತ್ತದೆ. ದಯವಿಟ್ಟು ಇದನ್ನು ನಿಲ್ಲಿಸಿಬಿಡಬೇಡಿ. ಯಾರೂ ಮುಟ್ಟದ ಫೈಲುಗಳಲ್ಲಿ ಅಡಗಿರುವ ದೋಷವನ್ನು, ಇನ್ನೊಂದು ಡಿಸ್ಕ್ ಕೆಡುವ ಮುಂಚೆ ಹೊರತರುವುದು ಈ ಓದೇ. ವೇಗದ ಮಿತಿ ಇಳಿಸಿ, ಸಮಯ ಬದಲಿಸಿ, ಸಾಕು.

ಗ್ರಾಹಕ ಯಂತ್ರದ ಕಡೆಯಿಂದಲೂ ಅಳೆಯದೆ ತೀರ್ಪು ಕೊಡಬಾರದು. ಎನ್‌ಎಫ್‌ಎಸ್‌ಐಒಸ್ಟ್ಯಾಟ್ ಆದೇಶ ಅಲ್ಲಿ ಎರಡು ಸಮಯ ತೋರಿಸುತ್ತದೆ: ಕೋರಿಕೆ ಸರ್ವರಿಗೆ ಹೋಗಿಬರಲು ಹಿಡಿದದ್ದು, ಮತ್ತು ಅದಕ್ಕೆ ಗ್ರಾಹಕ ಯಂತ್ರದಲ್ಲೇ ಕಾದದ್ದನ್ನೂ ಸೇರಿಸಿ ಒಟ್ಟು ಹಿಡಿದದ್ದು. ಒಟ್ಟು ಸಮಯ ಮಾತ್ರ ದೊಡ್ಡದಿದ್ದರೆ ಅಡಚಣೆ ಗ್ರಾಹಕನಲ್ಲೇ ಇದೆ. ಹೋಗಿಬರುವ ಸಮಯ 60 ಮಿಲಿಸೆಕೆಂಡ್, ಅದೇ ಹೊತ್ತಿಗೆ ಸರ್ವರಿನ ಡಿಸ್ಕಿನ ಅವೇಟ್ 4 ಮಿಲಿಸೆಕೆಂಡ್ ಎಂದಾದರೆ ಡಿಸ್ಕನ್ನು ಬಿಟ್ಟು ನಡುವಿನದನ್ನು ನೋಡಿ. ನೆಟ್‌ವರ್ಕ್ ಪ್ಯಾಕೆಟ್ ಕಳೆದುಕೊಳ್ಳುತ್ತಿರಬಹುದು, ಅಥವಾ ಎನ್‌ಎಫ್‌ಎಸ್‌ಡಿ ಥ್ರೆಡ್‌ಗಳು ಸಾಲದಿರಬಹುದು. ಬಹುಕಾಲ ಅವುಗಳ ಮೂಲ ಸಂಖ್ಯೆ ಕೇವಲ 8 ಇತ್ತು.

ನಿರಂತರ ನಿಗಾ ಇಡುವಾಗ ಎಷ್ಟು ಹೊತ್ತಿಗೊಮ್ಮೆ ಅಳೆಯುತ್ತೀರಿ ಎಂಬುದೂ ಮುಖ್ಯ. ಐದು ನಿಮಿಷದ ಸರಾಸರಿ ತೆಗೆಯುವ ವ್ಯವಸ್ಥೆಯಲ್ಲಿ 10 ಸೆಕೆಂಡ್ ಪೂರ್ತಿ ಸ್ತಬ್ಧವಾದರೂ ಅದು ಶೇ. 3ರ ಉಬ್ಬಾಗಿ ಮಾತ್ರ ಉಳಿಯುತ್ತದೆ. ಪ್ರೊಮಿಥಿಯಸ್‌ನಂಥ ವ್ಯವಸ್ಥೆಯಲ್ಲಿ 15 ಸೆಕೆಂಡಿಗೊಮ್ಮೆ ಸಂಗ್ರಹಿಸಿ, ಕಳೆದ ಅವಧಿಯಲ್ಲಿ ಓದಿಗೆ ಹಿಡಿದ ಒಟ್ಟು ಸಮಯವನ್ನು ಮುಗಿದ ಓದುಗಳ ಸಂಖ್ಯೆಯಿಂದ ಭಾಗಿಸಿದರೆ ಕಾಯುವ ಸಮಯ ಸಿಗುತ್ತದೆ. ತೊಂದರೆಯ ಹೊತ್ತಿನಲ್ಲಿ ಒಂದು ಸೆಕೆಂಡಿನ ಅಂತರದಲ್ಲಿ ಕೈಯಾರೆ ನೋಡಬೇಕು. ವಿಶ್ರಾಂತಿಗೆ ಇಳಿಯುವಂತೆ ಹೊಂದಿಸಿದ ಡಿಸ್ಕುಗಳಿದ್ದರೆ ಇನ್ನೊಂದು ಎಚ್ಚರ: ಸ್ಮಾರ್ಟ್ ವಿವರ ಕೇಳುವ ಸ್ಮಾರ್ಟ್‌ಸಿಟಿಎಲ್ ಆದೇಶವೇ ಅವನ್ನು ಎಬ್ಬಿಸಬಹುದು. ಮಲಗಿದ್ದರೆ ಬಿಟ್ಟುಬಿಡು ಎನ್ನುವ ಆಯ್ಕೆ ಅದರಲ್ಲೇ ಇದೆ, ಬಳಸಿ.

ಎಚ್ಚರಿಕೆಯ ಗಂಟೆಯನ್ನು ಯುಟಿಲ್‌ಗೆ ಕಟ್ಟಿದರೆ ಪ್ರತಿ ಬ್ಯಾಕಪ್‌ಗೂ ಬಾರಿಸಿ, ಕೆಲವೇ ವಾರಗಳಲ್ಲಿ ಯಾರೂ ಕಿವಿಗೊಡದಂತಾಗುತ್ತದೆ. ಕಾಯುವ ಸಮಯ ಸತತ ಕೆಲವು ನಿಮಿಷ ಮಾಮೂಲಿಗಿಂತ ಹಲವು ಪಟ್ಟು ಏರಿದಾಗ, ಒಂದು ಡಿಸ್ಕ್ ತನ್ನ ಜೊತೆಯವುಗಳಿಂದ ದೂರ ಸರಿದಾಗ, ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ ಎಣಿಕೆ ಸೊನ್ನೆ ದಾಟಿದಾಗ ಬಾರಿಸಲಿ. ಮಾಮೂಲಿ ಎಂದರೆ ಎಷ್ಟು ಎಂದು ತಿಳಿಯಬೇಕಾದರೆ ಸರ್ವರ್ ಆರೋಗ್ಯವಾಗಿರುವಾಗಲೇ ಅಳೆದಿಟ್ಟುಕೊಂಡಿರಬೇಕು. ಹೊಸ ಡಿಸ್ಕುಗಳನ್ನು ಸೇರಿಸಿದ ದಿನ, ದತ್ತಾಂಶ ತುಂಬುವ ಮೊದಲು, ಎಫ್‌ಐಒ ಉಪಕರಣದಿಂದ ಸಾಲಾದ ಓದು, ಚದುರಿದ ಓದು, ಭದ್ರವಾಗುವವರೆಗೆ ಕಾಯುವ ಬರಹ, ಈ ಮೂರನ್ನೂ ಪ್ರತ್ಯೇಕವಾಗಿ ಅಳೆದು ದಿನಾಂಕದ ಸಮೇತ ಬರೆದಿಡಿ. ಆಮೇಲೆ ಒಂದು ಸಾಮಾನ್ಯ ವಾರದ ಅಂಕಿಗಳನ್ನೂ, ಬ್ಯಾಕಪ್ ಮತ್ತು ರೇಡ್ ಪರಿಶೀಲನೆ ನಡೆಯುವ ಹೊತ್ತಿನವನ್ನೂ ಅದರ ಜೊತೆ ಇಡಿ. ಮುಂದಿನ ಸಲ ದೂರು ಬಂದಾಗ 3 ಎಂಬಿಯನ್ನು 200 ಎಂಬಿಯ ಜೊತೆ ಹೋಲಿಸುವ ಬದಲು, ಇಂದಿನ ಕಾಯುವ ಸಮಯವನ್ನು ಅದೇ ಸರ್ವರಿನ ಹಿಂದಿನ ವಾರದ ಕಾಯುವ ಸಮಯದ ಜೊತೆ ಹೋಲಿಸಬಹುದು.